ಲಂಡನ್ನಿನೊಳಗ ಒಂದು ಬನ್ನಿ ಹಬ್ಬ

ಅವತ್ತ ನನ್ನ ಮಗಳು ನನಗ ಬನ್ನಿ ಕೊಡಲಿಲ್ಲ. ಮರ್ತಿದ್ದಿಲ್ಲ. ಎಲಿ ಮುಂದ ಇತ್ತು, ನಾ ಮುಂದ ಕುಂತಿದ್ದೆ, ಕೊಡಲಿಲ್ಲ. ಲಂಡನ್ನಿನಾಗ ಆಗಿದ್ದು ಇಷ್ಟ.

ಗೊಳಸಂಗಿಗೆ ಹೊಳ್ಳಿ ಬಂದ ಮ್ಯಾಲ ಮಂದಿಗೆ ನಾ ಹೇಳಿದ್ದು ಬ್ಯಾರೆ. ಬಸ್ಸಿನ ಮ್ಯಾಲ ಇನ್ನೊಂದು ಬಸ್ಸು ಕೂಡಿಸಿದಂಥ ಕೆಂಪು ಬಸ್ಸಿನ ಸುದ್ದಿ ಹೇಳಿದೆ. ಅಳಿಯ ಒಂದ ಐತವಾರ ರಾಣಿ ಅರಮನಿ ತೋರಸಾಕ ಕರಕೊಂಡು ಹೋಗಿದ್ದ, ಅದನ್ನ ಹೇಳಿದೆ. ಕಬ್ಬಿಣದ ಜಾಳಗಿ ಹಿಡಕೊಂಡು ತಾಸಗಟ್ಲೆ ನಿಂತ್ವಿ, ರಾಣಿ ಹೊರಗ ಹಾಯಲಿಲ್ಲ. "ಮನಿ ಮುಂದ ಬಂದು ನಿಂತವರಿಗೆ ಒಂದು ತಂಬಗಿ ನೀರರೆ ಕೊಡಬಾರದೇನ?" ಅಂದೆ. ಅಳಿಯ ರಸ್ತಾದಾಗ ನಿಂತು ನಕ್ಕ. ಹೊಳಿ ನೋಡಿದೆ. ರಾಡಿ ನೀರು, ನಮ್ಮ ಡೋಣಿ ಹೊಳಿಗಿಂತ ಏನ ಚಲೋ ಇದ್ದಿಲ್ಲ.

ಆಗ ಇಸವಿ ಎಪ್ಪತ್ತು ದಾಟಿ ನಾಕೈದು ವರ್ಷ ಆಗಿದ್ದವು. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು. ಮಗಳು ಬರಲಿಲ್ಲ, ಹಿಂಗಾಗಿ ತವರಮನೀನ ಅಲ್ಲಿಗೆ ಹೋತು. ಕಾಗದ ಬರದಾಂವ ಅಳಿಯ, ಅಲ್ಲೇ ಡಾಕ್ಟರಕಿ ಮಾಡತಿದ್ದ. ನನ್ನ ಓದು ಎರಡನೇ ಇಯತ್ತಾ ತನಕಾ ಅಷ್ಟ. ಒಂದೊಂದ ಅಕ್ಷರ ಕೂಡಿಸಿ ಓದಿದೆ. ಕೆಳಗ ಮಗಳ ಒಂದ ಮಾತೂ ಇದ್ದಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ರೂ ಹೋದೆ.

ಅಂಟು, ಅಳವಿ, ಕೊಬ್ಬರಿ, ಲೋಬಾನ, ಜ್ವಾಳದ ಹಿಟ್ಟು, ಬಾಣಂತಿಗೆ ಬೇಕಾದದ್ದೆಲ್ಲಾ ಕಟಗೊಂಡೆ. ನೆಗೆಣ್ಣಿ ಬಸ್ಸಿನ ತನಕಾ ಬಂದು ಎಲ್ಲಾರ ಮುಂದ ಅಂದ್ಲು, "ಎಕ್ಕಾ, ವಿಮಾನದಾಗ ಎಲಿ ಅಡಿಕಿ ತಿಂದು ಕಿಡಕ್ಯಾಗ ಉಗಳಬ್ಯಾಡ. ಕೆಳಗ ಯಾವ ದೇಶದ ಮಂದಿ ತಲಿ ಮ್ಯಾಲ ಬೀಳತೈತೋ ಏನೋ." ಬಸ್ಸಿನಾಗಿನ ಮಂದಿ ನಕ್ರು, ನಾನೂ ನಕ್ಕೆ. ಮುಂದ ಅಲ್ಲಿದ್ದ ಎರಡು ತಿಂಗಳದಾಗ ಮತ್ತ ಹಂಗ ನಗಲಿಲ್ಲ.

ಲಂಡನ್ನಿನಾಗ ಯಾರೂ ಯಾರನ್ನೂ ಕೂಗೂದಿಲ್ಲ. ಅಳಿಯ ಮುಂಜಾನೆ ದವಾಖಾನಿಗೆ ಹೋದ್ರ ಕತ್ತಲಾದಾಗ ಬರತಿದ್ದ. ಬಾಜೂ ಮನ್ಯಾಗ ಇದ್ದವರ ಮುಖಾ ನಾ ನೋಡಲೇ ಇಲ್ಲ. ಗ್ವಾಡಿ ಆಚೀಕಿನಿಂದ ಅವರ ಕೆಮ್ಮು ಕೇಳತಿತ್ತು. ಗಂಡಸಿನ ಕೆಮ್ಮು, ವಯಸ್ಸಾದಾಂವ. ಒಮ್ಮಿ ಎರಡು ದಿನ ಕೆಮ್ಮು ಕೇಳಲಿಲ್ಲ, ನನಗ ಚಿಂತಿ ಆತು. ಮೂರನೇ ದಿನ ಮತ್ತ ಕೆಮ್ಮಿದ. ನಾ ಹೊಟ್ಟಿ ತುಂಬ ರೊಟ್ಟಿ ತಿಂದೆ.

ಕೂಸು ಹುಟ್ಟಿ ಇಪ್ಪತ್ತು ದಿನ ಆಗಿತ್ತು. ಹೆಣ್ಣ ಕೂಸು. ದಿನಾ ಬಚ್ಚಲದಾಗ ಕಾಲು ನೀಡಿ ಕುಂತು, ಕಾಲ ಮ್ಯಾಲ ಕೂಸಿನ್ನ ಹಾಕ್ಕೊಂಡು, ಎಣ್ಣಿ ತಿಕ್ಕಿ, ಮೂಗು ತೀಡಿ, ಸುಡು ಸುಡು ನೀರು ಎರೀತಿದ್ದೆ. ಅವತ್ತೂ ಎರದು, ಬೋಗಾಣ್ಯಾಗ ಕೆಂಡ ಹಾಕಿ ಲೋಬಾನದ ಹೊಗಿ ಹಿಡದಿದ್ದೆ. ಅಷ್ಟರಾಗ ಮನಿ ಮನಿಗೆ ಬಂದು ಕೂಸು ನೋಡೂ ನರ್ಸಬಾಯಿ ಬಂದ್ಲು. ಬಂದಾಕಿನ ಮೊದಲ ಕಿಡಕಿ ತಗದ್ಲು. ಆಮ್ಯಾಲ ನನ್ನ ಕೈಯಾಗಿನ ಕೂಸು ತಗೊಂಡ್ಲು. ಸಿಟ್ಟಿಲೆ ಅಲ್ಲ, ನಗಕೋತನ ತಗೊಂಡ್ಲು. ಅಕೀನೂ ಮಗಳೂ ಇಂಗ್ಲೀಷಿನಾಗ ಮಾತಾಡಿದ್ರು. ನಡುವ ಒಮ್ಮಿ ಇಬ್ಬರೂ ನನ್ನ ಕಡೆ ನೋಡಿದ್ರು.

ಅಕಿ ಮೆಟ್ಟಲ ಇಳದು ಹೋದ ಮ್ಯಾಲ ಮಗಳು ಅಂದ್ಲು, "ಅವ್ವಾ, ಇನ್ನ ಮ್ಯಾಲ ಕೂಸಿಗೆ ನೀ ಎರೀಬ್ಯಾಡ."

"ಯಾಕ? ನಿನಗೂ ಹಿಂಗ ಎರದ ದೊಡ್ಡಾಕಿನ್ನ ಮಾಡೇನಿ."

"ನೀ ಎಂದ ಎರದಿ? ಎರದಾಕಿ ಆಯಿ."

"ಆಯಿ ಎರದ್ರೇನು, ನಾ ಎರದ್ರೇನು? ನೀರೇನ ಬ್ಯಾರೆ ಆಗತಾವ?"

"ಏಳು ವರ್ಷದಾಕಿನ್ನ ಬಾಗೇವಾಡ್ಯಾಗ ಬಿಟ್ಟು ಹ್ವಾದಿ. ಈಗ ಇಲ್ಲಿ ಬಂದು ಅವ್ವ ಆಗಾಕ ಹ್ವಾಗಬ್ಯಾಡ."

ಅಕಿ ಅಂದಿದ್ದು ಖರೇನ ಇತ್ತು. ಅಕಿನ್ನ ಹಡದು ತಿಂಗಳ ತುಂಬೂದರಾಗ ನಾ ಹೊಲಕ್ಕ ಹೋಗಿದ್ದೆ. ಎರೀತಿದ್ದಾಕಿ ನಮ್ಮ ಅತ್ತಿ, ಅಂದ್ರ ಮಗಳ ಆಯಿ. ಸಾಲಿ ಚಲೋ ಐತಿ ಅಂತ ಅಕಿನ್ನ ಬಸವನ ಬಾಗೇವಾಡ್ಯಾಗ ನಾದಿನಿ ಮನ್ಯಾಗ ಇಟ್ಟೆ. ಸಂತಿಗೆ ಬಾಗೇವಾಡಿಗೆ ಹೋಗತಿದ್ದೆ, ಆದ್ರ ಆ ಓಣಿಗೆ ಹೋಗತಿದ್ದಿಲ್ಲ. ನೋಡಿದ್ರ ಅಕಿ ಸೆರಗು ಹಿಡಕೊಂಡು ಬೆನ್ನ ಹತ್ತತಾಳಂತ. ಅಕಿ ಕಲತ್ಲು, ಅಷ್ಟ ದೂರ ಹೋದ್ಲು. ಸಾಲಿಗೆ ಇಟ್ಟಿದ್ದು ತಪ್ಪಂತ ನಾ ಈಗೂ ಅನ್ನೂದಿಲ್ಲ. ಆದ್ರ ನಾ ಎರದೇನಿ ಅಂದಿದ್ದು ಸುಳ್ಳು. ಕೂಸಿಗೆ ಎರೀಬೇಕಂತ ನನಗ ಆಸೆ ಇತ್ತು, ಸುಳ್ಳು ಬಾಯಾಗ ತಾನ ಬಂತು.

ಅಲ್ಲಿಂದ ನಮ್ಮಿಬ್ಬರ ಮಾತು ಬಂದ್ ಆತು. ಹೇಳೂದಿದ್ರ ಕೂಸಿಗೆ ಹೇಳೂದು. "ನಿಮ್ಮ ಆಯಿಗೆ ಹೇಳು, ಅನ್ನಕ್ಕ ನೀರ ಹೆಚ್ಚಾಗೇತಿ." "ನಿಮ್ಮವ್ವಗ ಹೇಳು, ಬಾಣಂತಿ ಮೆತ್ತಗಿನ ಅನ್ನ ಉಣಬೇಕು." ಪಾಪ, ಕೂಸು ಇಬ್ಬರ ಮಾರಿ ನೋಡತಿತ್ತು.

ಊರಿಂದ ತಂದ ಕ್ಯಾಲೆಂಡರದಾಗ ಅಮಾಸಿಯಿಂದ ಹತ್ತು ದಿನ ಎಣಿಸಿಟ್ಟಿದ್ದೆ. ಬನ್ನಿ ದಿನ ಮುಂಜಾನೆ ಕೂಸಿನ ಕಡೆ ತಿರುಗಿ ಅಂದೆ, "ಇವತ್ತ ಬನ್ನಿ ಐತವಾ."

"ನಿಮ್ಮ ಆಯಿಗೆ ಹೇಳು, ಇಲ್ಲಿ ಬನ್ನಿ ಗಿಡಾ ಇಲ್ಲ."

ನಮ್ಮಲ್ಲಿ ಎಂಥಾ ಜಗಳ ಇದ್ರೂ ಬನ್ನಿ ದಿನಕ್ಕ ಮುಗೀಬೇಕು. ಸಣ್ಣವರು ದೊಡ್ಡವರಿಗೆ ಎಲಿ ಕೊಟ್ಟು ಕಾಲಿಗೆ ಬೀಳಬೇಕು, ದೊಡ್ಡವರು ಎಲ್ಲಾ ಬಿಟ್ಟುಬಿಡಬೇಕು. ದೊಡ್ಡವರು ಮೊದಲ ಕೊಡೂದು ಪದ್ಧತಿ ಅಲ್ಲ. ಎಲಿ ಇಲ್ಲ ಅನ್ನೂ ನೆವಾ ಅಕಿಗೆ ಉಳಿಸಬಾರದಂತ ನಾನ ಎಲಿ ತರಾಕ ಹೊಂಟೆ.

ಅಲ್ಲಿಗೆ ಬಂದ ಮ್ಯಾಲ ಒಬ್ಬಾಕಿನ ಹೊರಗ ಬಿದ್ದದ್ದು ಅದ ಮೊದಲು. ಇಲಕಲ್ ಸೀರಿ ಮ್ಯಾಲ ಮಗಳ ಹಳೇ ಕೋಟು ಹಾಕ್ಕೊಂಡೆ. ಕಿಡಕ್ಯಾಗ ಕೂಸಿನ ಕೆಂಪು ದುಪಟಿ ಇಳೇ ಬಿಟ್ಟು ಹ್ವಾದೆ, ತಿರುಗಿ ಬರಾಗ ಮನಿ ಗುರ್ತು ಸಿಗಲಿ ಅಂತ. ಓಣಿ ಕಡೀಕ ಮಂದಿ ಅಡ್ಡಾಡೂ ಒಂದು ತ್ವಾಟ ಇತ್ತು. ಆಗಿನ್ನೂ ಥಂಡಿ ಶುರುವಾಗಿತ್ತಷ್ಟ, ಗಿಡಗೋಳು ಎಲಿ ಉದರಸತಿದ್ದವು. ಅದರಾಗ ಒಂದು ಗಿಡದ ಎಲಿ ಥೇಟ್ ಬನ್ನಿಗತೆ ಸಣ್ಣ ಸಣ್ಣ ಇದ್ದವು, ಹಳದಿ. ನಾವು ಹಸರ ಎಲಿಗೆ ಬಂಗಾರ ಅಂತೇವಿ. ಅಲ್ಲಿ ಖರೇ ಬಂಗಾರದ ಬಣ್ಣದ್ದು ಮಂದಿ ಕಾಲಾಗ ಬಿದ್ದಿತ್ತು. ಕಸಾ ಹೊಡಿಯಾಂವ ಒಬ್ಬ ಅದನ್ನೆಲ್ಲಾ ಗುಂಪಿ ಮಾಡಾಕತ್ತಿದ್ದ. ನಾ ಗುಂಪಿ ಮುಂದ ಕುಂತು ಆರಿಸಿದೆ. ಅಂವ ಬಾರಿಗಿ ನಿಲ್ಲಿಸಿ ನಾ ಏಳೂತನಕಾ ನಿಂತ, ಏನೋ ಅಂದ. ನಾಳಿ ಬಾ, ಇನ್ನೂ ಬೀಳತಾವ ಅಂದಿರಬೇಕು. ಆ ಊರಾಗ ಅಳಿಯನ ಬಿಟ್ಟು ನನ್ನ ಸಲುವಾಗಿ ಒಂದು ಗಳಿಗಿ ನಿಂತಾಂವ ಅಂವ ಒಬ್ಬನ.

ಎಲಿ ತಾಟಿನಾಗ ಹಾಕಿ ಟೇಬಲ್ ಮ್ಯಾಲ ಇಟ್ಟೆ. ಅದರ ಮುಂದ ಖುರ್ಚಿ ಹಾಕ್ಕೊಂಡು ಕುಂತೆ. ಮಗಳು ಹತ್ತು ಸಲ ಹಾದು ಹ್ವಾದ್ಲು. ಒಮ್ಮಿ ತಾಟು ಆಚೀಕ ಸರಿಸಿ ಹಾಲಿನ ಬಾಟ್ಲಿ ಇಟ್ಲು.

ಸಂಜಿ ಮುಂದ ಅಳಿಯ ಬಂದ. ತಾಟು ನೋಡಿದ ಕೂಡಲೇ ತಿಳಕೊಂಡ. ಬೂಟು ಬಿಚ್ಚಿ, ಎಲಿ ತಗೊಂಡು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅತ್ತಿ" ಅಂತ ನನ್ನ ಕೈಯಾಗ ಇಟ್ಟು ಬಗ್ಗಿದ. ಆಮ್ಯಾಲ ಹೇಣ್ತಿ ಕಡೆ ನೋಡಿದ. ಅಕಿ ಕೂಸಿನ್ನ ಎತಗೊಂಡು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಅಂವ ಪಾಪ, "ದಣದಾಳ್ರಿ" ಅಂದ. "ಹೌದಪಾ, ದಣದಾಳ" ಅಂದೆ.

ಮರುದಿನ ಮುಂಜಾನೆ ಅಳಿಯ ಕೆಲಸಕ್ಕ ಹ್ವಾದ ಮ್ಯಾಲ ನಾ ಮಗಳ ಕ್ವಾಣಿ ಬಾಗಲಾ ಬಡದೆ. ಹಡದ ಮಗಳ ಬಾಗಲಾ ಬಡದು ಒಳಗ ಹೋಗಿದ್ದು ಜಲ್ಮದಾಗ ಅದ ಮೊದಲು. ಅಕಿ ಕೂಸಿಗೆ ಹಾಲು ಕುಡಸಾಕತ್ತಿದ್ಲು. ಎಲಿ ಒಣಗಿ ಮುದುಡಿದ್ದವು. ಇದ್ದದ್ದರಾಗ ಚಲೋದೊಂದು ಆರಿಸಿ ಅಕಿ ಕೈಯಾಗ ಇಟ್ಟೆ. "ನಾ ಎರದಿದ್ದಿಲ್ಲ. ಎರದಾಕಿ ಆಯೀನ," ಅಂದೆ. ಅಕಿ ಏನಂತಾಳಂತ ನಿಲ್ಲಲಿಲ್ಲ. ಅಡಗಿಮನಿಗೆ ಬಂದು ಚಾಕ್ಕ ನೀರಿಟ್ಟೆ.