ಬಗ್ಗದ ಕುತ್ತಿಗೆಯ ಸಕ್ರವ್ವ

ಸಕ್ರವ್ವನಷ್ಟು ಸೊಕ್ಕಿನ ಹೆಂಗಸು ನಾಸಿಕ್ ರೋಡಿನಲ್ಲಿ ಇನ್ನೊಬ್ಬಳಿಲ್ಲ ಎಂದು ನಾನು ಒಂದು ಇಡೀ ಸಂಜೆ ನಂಬಿದ್ದೆ. ಅಂದು ನಮ್ಮ ಕನ್ನಡ ಸಂಘದ ಬಸವ ಜಯಂತಿ. ಅಧ್ಯಕ್ಷ ವಿಶ್ವನಾಥಪ್ಪನವರು ಸಭಾಂಗಣಕ್ಕೆ ಕಾಲಿಟ್ಟರೆ ಎಲ್ಲರ ತಲೆಯೂ ತಾನಾಗಿ ಬಾಗಬೇಕು. ಇದು ಸಂಘದ ನಿಯಮಾವಳಿಯಲ್ಲಿಲ್ಲ. ಅಲ್ಲಿರುವ ನಿಯಮಗಳಿಗಿಂತ ಚೆನ್ನಾಗಿ ಪಾಲನೆಯಾಗುತ್ತದೆ, ಅಷ್ಟೆ. ಬಾಗಿಲ ಪಕ್ಕ ಸೆರಗು ಹೊದ್ದು ನಿಂತಿದ್ದ ಒಬ್ಬಳ ತಲೆ ಮಾತ್ರ ಬಾಗಲಿಲ್ಲ. ಕರೆದರೆ ಕತ್ತನ್ನೂ ತಿರುಗಿಸಲಿಲ್ಲ. ಕಲೆಕ್ಟರ್ ಸಾಹೇಬರ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡಿದಳು.

"ಯಾರ್ರೀ ಈಕಿ? ಯಾವ ಸಂಸ್ಥಾನದ ಮಹಾರಾಣಿ?" ಎಂದು ಅಧ್ಯಕ್ಷರು ಕಾರ್ಯದರ್ಶಿಯಾದ ನನ್ನ ಕಿವಿಯಲ್ಲಿ ಸಿಡುಕಿದರು.

ಸಭೆ ಮುಗಿದ ಮೇಲೆ ವಿಚಾರಿಸಲು ಹೋದೆ. ಸೆರಗು ಸರಿಯಿತು. ಅದರ ಕೆಳಗೆ ಆಸ್ಪತ್ರೆಯ ದಪ್ಪ ಕುತ್ತಿಗೆ ಪಟ್ಟಿ. ಪಟ್ಟಿಯೇ ಇಲ್ಲದೆ ಬಗ್ಗದ ಕುತ್ತಿಗೆಗಳನ್ನು ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ನೋಡಿ ನೋಡಿ ನನಗೆ ಬೇರೆ ಕಾರಣ ಹೊಳೆದೇ ಇರಲಿಲ್ಲ.

ಸಕ್ರವ್ವ ಅಫಜಲಪುರದ ಕಡೆಯವಳು. ಗಂಡ ಮಹಾದೇವಪ್ಪನ ಜೊತೆ ನಿಫಾಡ್ ಹತ್ತಿರ ರಸ್ತೆ ಕೆಲಸಕ್ಕೆ ಬಂದಿದ್ದಳು. ಅಲ್ಲಿ ಆಳು ಕೂಡಿಸುವ ಮೇಸ್ತ್ರಿ, ಅಂದರೆ ಮುಕಾದಮ, ಆಳುಗಳನ್ನು ಒಬ್ಬೊಬ್ಬರಾಗಿ ಹಿಡಿಯುವುದಿಲ್ಲ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಅವನು ಬುಟ್ಟಿ ತುಂಬಬೇಕು, ಅವಳು ಹೊರಬೇಕು. ಒಬ್ಬರು ಕೆಲಸಕ್ಕೆ ಬಾರದಾದರೆ ಇನ್ನೊಬ್ಬರು ಎಷ್ಟೇ ಗಟ್ಟಿಯಿದ್ದರೂ ಜೋಡಿ ಮುರಿದಂತೆ. ಇಬ್ಬರೂ ಗಂಟು ಕಟ್ಟಬೇಕು.

ತಗಡಿನ ಜೋಪಡಿಯಿಂದ ಕೆಲಸದ ಜಾಗಕ್ಕೆ ಹೆಂಗಸರು ಹೋಗುತ್ತಿದ್ದದ್ದು ಖಾಲಿ ಡಂಪರಿನ ಹಿಂಭಾಗದಲ್ಲಿ ನಿಂತುಕೊಂಡು. ಒಂದು ಬೆಳಿಗ್ಗೆ ರಸ್ತೆಗೆ ಹಾಕುವ ಮುರುಮು ಮಣ್ಣು ತೆಗೆಯುವ ಹೊಂಡದ ತಿರುವಿನಲ್ಲಿ ಎದುರಿನಿಂದ ಇನ್ನೊಂದು ಡಂಪರು ಬಂತು. ಅಲ್ಲಿ ರಸ್ತೆಯಿಲ್ಲ, ಎಡ ಬಲ ಇಲ್ಲ, ಬರೀ ಧೂಳು. ಎರಡೂ ಗುದ್ದಿದವು. ಡಂಪರುಗಳ ಬಣ್ಣ ಹೋಯಿತು. ಸಕ್ರವ್ವನ ಕುತ್ತಿಗೆಗೆ ಪೆಟ್ಟಾಗಿ ಬಲಗೈ ಬೆರಳುಗಳು ಜೋಮು ಹಿಡಿದವು. ಸೈಟಿನ ಸಾಹೇಬರ ವಾದ ಕೇಳುವಂತಿತ್ತು: ಡಂಪರಿಗೆ ಪ್ರಯಾಣಿಕರ ಸೀಟಿಲ್ಲ. ಸೀಟಿಲ್ಲದ ಮೇಲೆ ಪ್ರಯಾಣಿಕರಿಲ್ಲ. ಪ್ರಯಾಣಿಕರೇ ಇಲ್ಲದ ಮೇಲೆ ಪೆಟ್ಟು ಬಿದ್ದದ್ದು ಯಾರಿಗೆ?

ಡಾಕ್ಟರು ಅಷ್ಟು ದೊಡ್ಡ ತಾರ್ಕಿಕರಲ್ಲ. ತಲೆ ಮೇಲೆ ಭಾರ ಕೂಡದು, ತಪಾಸಣೆ ತಪ್ಪಿಸಕೂಡದು, ತಪ್ಪಿಸಿದರೆ ಕೈ ಹೋದೀತು ಎಂದರು. ಭಾರ ಹೊತ್ತರೆ ಕೈ ಹೋಗುತ್ತದೆ, ಹೊರದಿದ್ದರೆ ಇಬ್ಬರ ಕೆಲಸವೂ ಹೋಗುತ್ತದೆ. ಸಕ್ರವ್ವ ಸಂಘಕ್ಕೆ ಬಂದದ್ದು ಇದಕ್ಕೇ.

"ಮುಕಾದಮ್‌ಗ ಒಂದ್ ಮಾತ್ ಹೇಳ್ರಿ, ಸಾವ್ಕಾರ್ರ. ಕೈ ನೆಟ್ಟಗ ಆಗೂತನಾ ಜೋಡಿ ಮುರೀಬ್ಯಾಡ ಅಂತ. ಅಷ್ಟ ಸಾಕ್ರಿ."

ಒಂದು ಮಾತು ಹೇಳುವುದು ನಮ್ಮ ಅಧ್ಯಕ್ಷರ ಘನತೆಗೆ ಕಡಿಮೆಯಾಯಿತು. ಅವರು 'ವಾಹನ ಅಪಘಾತ ಪೀಡಿತರ ನಿರಂತರ ಆರೈಕೆ ಸಮಿತಿ' ರಚಿಸಿದರು. ಹೆಸರು ಬ್ಯಾನರಿನಲ್ಲಿ ಎರಡು ಸಾಲು ಹಿಡಿಯಿತು. ಸಮಿತಿಯ ಮೊದಲ ಆರೈಕೆಯೇ ಸಕ್ರವ್ವನಿಗೆ ಸನ್ಮಾನ. ಸಂಘದ ಹೆಸರು ಅಚ್ಚಾದ ಕೆಂಪು ಶಾಲು, ಜೊತೆಗೆ ಎತ್ತಿನ ಕೊರಳಿಗೂ ಹೆಚ್ಚೆನಿಸುವ ಚೆಂಡುಹೂವಿನ ಹಾರ.

"ತಲಿ ಬಗ್ಗಸು ತಂಗಿ, ಹಾರ ಹಾಕ್ಬೇಕು" ಎಂದರು ಅಧ್ಯಕ್ಷರು.

"ಬಗ್ಗಂಗಿಲ್ರಿ."

"ಹೋಗ್ಲಿ, ಕ್ಯಾಮೆರಾ ಕಡಿಗಿ ನೋಡು."

"ತಿರಗಂಗಿಲ್ರಿ."

"ಮತ್ತೇನ್ ಬರ್ತದವಾ ನಿನಗ?"

"ಕೂಡ್ಲಾಕ ಬರ್ತದ್ರಿ. ಯಾರೂ ಕೂಡು ಅನವಲ್ಲರು" ಎಂದಳು ಆಗಿನಿಂದ ನಿಂತೇ ಇದ್ದ ಸಕ್ರವ್ವ.

ಮುಂದಿನ ತಪಾಸಣೆಗೆ ಅಧ್ಯಕ್ಷರು ತಮ್ಮ ಕಾರನ್ನೇ ಕಳಿಸುವುದಾಗಿ ಮೈಕಿನಲ್ಲಿ ಘೋಷಿಸಿದರು. ಚಪ್ಪಾಳೆ ಬಿತ್ತು. ತಪಾಸಣೆಯ ದಿನ ಕಾರು ಅಧ್ಯಕ್ಷರನ್ನು ಒಂದು ಮಿಠಾಯಿ ಅಂಗಡಿಯ ಉದ್ಘಾಟನೆಗೆ ಕರೆದೊಯ್ದಿತ್ತು. ಸಕ್ರವ್ವ ಸೈಟಿನ ಗೇಟಿನಲ್ಲಿ ಕಾದು ಕಾದು, ಕೊನೆಗೆ ಗಂಡನ ಜೊತೆ ಬಸ್ಸು ಹತ್ತಿದಳು. ಮುಕಾದಮನಿಗೆ ಹೇಳಬೇಕಾದ ಮಾತು ಸಮಿತಿಯ ಪರಿಶೀಲನೆಯಲ್ಲೇ ಇತ್ತು. ಅಷ್ಟರಲ್ಲಿ ನಿಫಾಡಿನ ಕೆಲಸ ಮುಗಿದು ಇಡೀ ಗುಂಪು ಸಂಭಾಜಿನಗರದ ಹತ್ತಿರ, ಎಲ್ಲೋರದ ಪಕ್ಕದ ಖುಲ್ತಾಬಾದ್ ಕಡೆಗೆ ಹೊರಟುಹೋಯಿತು.

ಮಳೆಗಾಲ ಕಳೆದ ಮೇಲೆ ಅಧ್ಯಕ್ಷರ ಮನೆಗೆ ಬೀಗರು ಬಂದರು. ಬೀಗರಿಗೆ ಎಲ್ಲೋರ ತೋರಿಸಬೇಕಿತ್ತು. ಕೂಡಲೇ ಅಧ್ಯಕ್ಷರಿಗೆ ಸಕ್ರವ್ವನ ನೆನಪಾಯಿತು.

"ಆರೈಕಿ ಅಂದ್ರ ಅರ್ಧಕ್ಕ ಬಿಡಬಾರದ್ರಿ. ಹೆಂಗೂ ಅದ ದಾರ್‍ಯಾಗ ಹೊಂಟೀವಿ. ನಡೀರಿ."

ಬೀಗರನ್ನು ಗುಹೆಗಳ ಹತ್ತಿರ ಇಳಿಸಿ ನಾವಿಬ್ಬರು ಸೈಟಿಗೆ ಹೋದೆವು. ಎರಡು ಕಡೆಯಿಂದ ಡಂಪರುಗಳು ಬಂದು ಕೂಡುವ ಜಾಗದಲ್ಲಿ ಒಬ್ಬ ಹೆಂಗಸು ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಇಡೀ ಮೈ ಎಡಕ್ಕೆ ತಿರುಗಿಸಿದಳು, ಒಂದು ಡಂಪರು ನಿಂತಿತು. ಇಡೀ ಮೈ ಬಲಕ್ಕೆ ತಿರುಗಿಸಿದಳು, ಇನ್ನೊಂದು ಹೊರಟಿತು. ಕುತ್ತಿಗೆಯಲ್ಲಿ ಇನ್ನೂ ಪಟ್ಟಿಯಿತ್ತು.

ಪಕ್ಕದಲ್ಲಿ ನಿಂತಿದ್ದ ಮುಕಾದಮ ಮುತ್ತು ನಕ್ಕ. "ಜೋಡಿ ಮುರೀತು, ಹೋಗ್ರಿ ಅಂದೆ ನಾ. ಈಕಿ ಕೇಳ್ತಾಳೇನು? 'ಬುಟ್ಟಿ ಹೊರಂಗಿಲ್ಲ, ಡಂಪರ್ ನಿಂದ್ರಸ್ತೀನಿ. ಬ್ಯಾಡಂದ್ರ ಮುಂದಿನ ಡಿಕ್ಕಿ ನೀನ ಅಡ್ಡ ಬಿದ್ದು ತಡಿ' ಅಂದ್ಲು. ಮದಲ ಇಲ್ಲಿ ನಿಂದರ್ತಿದ್ದ ಹುಡುಗ ಬರೇ ಕತ್ತ ತಿರಗಸ್ತಿದ್ದ, ಧೂಳಿನಾಗ ಡ್ರೈವರ್‌ಗ ಕಾಣ್ತಿರಲಿಲ್ಲ. ಈಕಿ ಪೂರಾ ತಿರಗತಾಳ್ರಿ. ದೂರಿಂದ ತಿಳಿತದ."

ಡಂಪರಿನ ಹಿಂದೆ ಈಗ ಹೆಂಗಸರನ್ನು ಹತ್ತಿಸುವುದಿಲ್ಲ. ಹತ್ತಿದರೆ ಸಕ್ರವ್ವ ಗಾಡಿ ಬಿಡುವುದಿಲ್ಲ. ಅತ್ತ ಮಹಾದೇವಪ್ಪ ತಾನೇ ಬುಟ್ಟಿ ತುಂಬಿ ತಾನೇ ಹೊರುತ್ತಿದ್ದ. ತಪಾಸಣೆಯ ದಿನ ಅವಳು ಒಬ್ಬಳೇ ಬಸ್ಸಿನಲ್ಲಿ ಸಂಭಾಜಿನಗರದ ದೊಡ್ಡಾಸ್ಪತ್ರೆಗೆ ಹೋಗಿಬರುತ್ತಾಳಂತೆ. ಹೆಬ್ಬೆರಳು, ತೋರುಬೆರಳಿಗೆ ಮತ್ತೆ ಸ್ಪರ್ಶ ತಿಳಿಯತೊಡಗಿದೆಯಂತೆ.

ಕೋಲಿನ ಬಟ್ಟೆಯನ್ನು ನಾನು ಆಗ ಸರಿಯಾಗಿ ನೋಡಿದೆ. ಅದರ ಹರಿದ ಅಂಚಿನಲ್ಲಿ ನಮ್ಮ ಸಂಘದ ಅರ್ಧ ಹೆಸರು ಗಾಳಿಗೆ ಪಟಪಟ ಎನ್ನುತ್ತಿತ್ತು.

ಅಧ್ಯಕ್ಷರು ನೋಡಲಿಲ್ಲ. ಫೋಟೋದಲ್ಲಿ ಡಂಪರೂ ಬರಲಿ ಎಂದು ಕಾರನ್ನು ಸರಿಯಾಗಿ ದಾರಿಯ ನಡುವೆ ನಿಲ್ಲಿಸಿ, ಕೋಟು ಜಗ್ಗಿಕೊಂಡು ಸಕ್ರವ್ವನ ಪಕ್ಕ ನಿಂತರು. ನನ್ನ ಮೊಬೈಲು ಕಣ್ಣಿಗೆ ಬಿದ್ದದ್ದೇ ಅವರ ದನಿ ಮೈಕಿನ ದನಿಯಾಯಿತು.

"ಸಕ್ರವ್ವ, ಖರೇ ಹೇಳ್ಬೇಕು. ನಮ್ಮ ಸಮಿತಿ ಮಾಡಿದ ಆರೈಕೆಯೊಳಗ ನಿನಗ ಎಲ್ಲಕ್ಕಿಂತ ಹೆಚ್ಚು ಉಪಯೋಗ ಆದದ್ದು ಯಾವುದು?"

ಸಕ್ರವ್ವ ಇಡೀ ಮೈ ಅವರ ಕಡೆಗೆ ತಿರುಗಿಸಿದಳು.

"ಶಾಲು. ಈಗ ಗಾಡಿ ತೆಗೀರಿ, ಡಂಪರ್ ಬರ್ಲಾಕತ್ತದ."