ಉಚ್ಚಂಗೆವ್ವ ಕೇಳಲಾರದ ಇಪ್ಪತ್ತು ರೂಪಾಯಿ

“ಅವ್ವಾ, ಆ ಆಯಿ ಒಬ್ಬಾಕಿನ ಯಾಕ ಉಣ್ಣಾಕತ್ಯಾಳ? ಆಕಿ ಜೋಡಿ ಎಲ್ಲಾರೂ ಠೂ ಬಿಟ್ಟಾರೇನು?”

ಸೋಮವಾರ ಅಂಗನವಾಡಿಯಿಂದ ಬರುವಾಗ ನಾಲ್ಕು ವರ್ಷದ ಮಗಳು ದೀಪಾಲಿ ಕೇಳಿದಳು. ಮೆಣಸಿನಕಾಯಿ ಘಾಟಿಗೆ ಅವಳ ಮೂಗಿಗೆ ಸೆರಗು ಹಿಡಿದು, ಲಗುಬಗೆಯಿಂದ ಮನೆಗೆ ಕರೆತಂದೆ. ಆದರೆ ಅವಳು ಕಂಡದ್ದು ಖರೆ. ಬ್ಯಾಡಗಿ ಮಾರುಕಟ್ಟೆಯ ಹೊಸ ಚಪ್ಪರದ ಆ ತುದಿಗೆ ಹೆಂಗಸರೆಲ್ಲ ದುಂಡಗೆ ಕುಳಿತು ಬುತ್ತಿ ಬಿಚ್ಚಿದ್ದರು. ಈ ತುದಿಗೆ ಉಚ್ಚಂಗೆವ್ವ ಒಬ್ಬಳೇ ಗೋಡೆಗೆ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದಳು.

ಆಕೆಗೆ ಅರವತ್ತು ದಾಟಿದೆ, ಎಷ್ಟು ದಾಟಿದೆ ಎಂಬುದು ಆಕೆಗೂ ಗೊತ್ತಿಲ್ಲ. ತವರು ಗುತ್ತಲ. ಇಲ್ಲಿ ಹಮಾಲಿ ಮಾಡುತ್ತಿದ್ದ ತಿರಕಪ್ಪನನ್ನು ಮದುವೆಯಾಗಿ ಬಂದಳು. ಮಕ್ಕಳಾಗಲಿಲ್ಲ. ತಿರಕಪ್ಪ ತೀರಿಹೋಗಿ ಹನ್ನೆರಡು ವರ್ಷವಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಾಶಿಗಳ ಪಕ್ಕದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದಾಳೆ. ನಮ್ಮ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವುದರಿಂದ, ನಾನು ಮದುವೆಯಾಗಿ ಬಂದ ದಿನದಿಂದ ಆಕೆಯನ್ನು ನೋಡುತ್ತಿದ್ದೇನೆ. ದೀಪಾಲಿ ಹುಟ್ಟಿದಾಗ ಕೈಯ ಖಾರ ಹೋಗಲೆಂದು ಮೂರು ಸಲ ತೊಳೆದು, ಆಮೇಲೂ ಕೂಸನ್ನು ಮುಟ್ಟದೆ ದೂರದಿಂದಲೇ ದೃಷ್ಟಿ ತೆಗೆದು ಹೋದವಳು.

ಒಮ್ಮೆ ಆಕೆ ನನಗೆ ಹೇಳಿದ್ದಳು: “ನಾವು ಮುಂಜಾನಿಂದ ಸಂಜಿತನಕ ನೀರ ಕುಡೀತಿದ್ದಿಲ್ಲ ತಂಗಿ. ಕುಡದರ ಹೋಗೂದೆಲ್ಲಿ? ಗಂಡಸರಿಗೆ ಗ್ವಾಡಿ ಐತಿ, ನಮಗೇನೈತಿ?” ಹಾಗೆ ನೀರು ಕುಡಿಯದೆಯೇ ಆಕೆಗೆ ಕಿಬ್ಬೊಟ್ಟೆಯ ನೋವು ಹತ್ತಿ, ಹಾವೇರಿಯ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿದ್ದಳು.

ಎರಡು ವರ್ಷದ ಹಿಂದೆ ಊರಿನ ಕೆಲವು ವರ್ತಕರೂ ನಿವೃತ್ತ ಶಿಕ್ಷಕ ಪ್ರಭಾಕರ ಸರ್ ಅವರೂ ಸೇರಿ ಒಂದು ಸಮಿತಿ ಮಾಡಿಕೊಂಡರು. ಕೆಂಪು ರಾಶಿಗಳನ್ನು ನೋಡಲು ಹೊರಗಿನ ಮಂದಿ ಬರುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ನಾಲ್ಕು ಸಲ ಸೀನಿ ಹೋಗುತ್ತಾರೆ. ಅವರು ಬಂದದ್ದರಿಂದ ಊರಿಗೂ ಏನಾದರೂ ಉಳಿಯಬೇಕು ಎಂಬುದು ಸಮಿತಿಯ ವಿಚಾರ. ಸಣ್ಣ ಪಟ್ಟಣಗಳ ಪ್ರವಾಸಕ್ಕೆ ನೆರವು ಕೊಡುವ ಒಂದು ನಿಧಿಯಿಂದ ಹಣ ತಂದು ನೆರಳಿನ ಚಪ್ಪರ, ನೀರಿನ ಟಾಕಿ, ಹೆಂಗಸರಿಗೆ ನಾಲ್ಕು ಶೌಚಾಲಯ ಕಟ್ಟಿಸಿದರು. ನಿಧಿಯವರದು ಒಂದೇ ಷರತ್ತು. ಕಟ್ಟುವುದಕ್ಕೆ ಅವರು ಕೊಡುತ್ತಾರೆ, ನಡೆಸುವ ಖರ್ಚು ಮಾತ್ರ ನೋಡಲು ಬಂದವರ ಟಿಕೆಟ್ಟಿನಿಂದಲೇ ಹುಟ್ಟಬೇಕು. ಒಬ್ಬರಿಗೆ ಇಪ್ಪತ್ತು ರೂಪಾಯಿ. ಈ ವರ್ಷ ಚಪ್ಪರ ತೆರೆದಾಗ, ಬಂದವರನ್ನು ಸುತ್ತಾಡಿಸಲು, ಟಿಕೆಟ್ ಹರಿಯಲು ಉಚ್ಚಂಗೆವ್ವನನ್ನು ನೇಮಿಸಿದರು.

ಆ ಕೆಲಸದಲ್ಲಿ ಆಕೆ ಅರಳಿದಳು. ಬಂದವರ ಅಂಗೈಗೆ ಒಂದು ಕಾಯಿ ಇಟ್ಟು, “ಇದರ ಸುಕ್ಕ ನೋಡ್ರಿ. ಸುಕ್ಕ ಬಿದ್ದಷ್ಟೂ ಇದಕ್ಕ ರೇಟು. ನನ್ನ ಮಾರೀನೂ ಹಿಂಗ ಐತಿ, ಯಾರೂ ಲಿಲಾವಿನಾಗ ಸವಾಲ ಕೂಗವಲ್ಲರು,” ಎನ್ನುತ್ತಿದ್ದಳು. ಅವರು ನಗುತ್ತಿದ್ದರು. ಆಕೆಯ ಜೊತೆ ನಿಂತು ಫೋಟೋ ತೆಗೆಸಿಕೊಂಡು, “ಕಳಿಸ್ತೀವಿ ಅಜ್ಜಿ” ಎಂದು ಹೇಳಿ ಹೋಗುತ್ತಿದ್ದರು. ಎಲ್ಲಿಗೆ ಕಳಿಸುತ್ತಾರೆ? ಆಕೆಯದು ಗುಂಡಿ ಒತ್ತುವ ಫೋನು. ಎಷ್ಟೋ ಊರುಗಳ ಫೋನುಗಳಲ್ಲಿ ಆಕೆ ನಗುತ್ತಿದ್ದಾಳೆ. ಆಕೆಯ ಮನೆಯಲ್ಲಿ ಆಕೆಯದೊಂದು ಪಟವೂ ಇಲ್ಲ.

ಹದಿನೈದು ದಿನದ ಹಿಂದೆ ಆಕೆ ಒಂದು ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಸಮಿತಿಯ ಪತ್ರ. ನಾನು ಓದಿ ಹೇಳಿದೆ: ಈ ವರ್ಷ ನೋಡಲು ಬಂದವರು ನಲವತ್ತೊಂದೇ ಮಂದಿ, ನೀರಿಗೂ ಕಸ ಬಳಿಯುವವಳ ಪಗಾರಕ್ಕೂ ದುಡ್ಡಿಲ್ಲ, ಹೀಗೇ ಆದರೆ ಸುಗ್ಗಿ ಮುಗಿಯುತ್ತಲೇ ಶೌಚಾಲಯಕ್ಕೆ ಬೀಗ ಹಾಕಬೇಕಾಗುತ್ತದೆ.

“ನಲವತ್ತೊಂದಾ? ಹೋದ ವಾರನ ಹದಿನಾಕ ಮಂದಿ ಬಂದಿದ್ರಲ್ಲ ತಂಗಿ. ಪುಣೇದವರು. ಅವರೊಳಗ ಒಬ್ಬಾಕಿ ಬಸುರಿ ಇದ್ಲು, ಘಾಟ ಬ್ಯಾಡಂತ ನೆರಳಾಗ ಕುಂದರಸಿದ್ದೆ.”

“ಅವರ ಟಿಕೆಟ್ ಹರಿದಿಯೇನು ಆಯಿ?”

ಆಕೆ ನನ್ನನ್ನು ತನ್ನ ಮನೆಗೆ ಕರೆದೊಯ್ದು ಟ್ರಂಕು ತೆರೆದಳು. ಟಿಕೆಟ್ ಪುಸ್ತಕಗಳೆಲ್ಲ ಕುಬಸದ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇದ್ದವು. ಒಂದರಲ್ಲಿ ಮಾತ್ರ ನಲವತ್ತೊಂದು ಹಾಳೆ ಹರಿದಿತ್ತು. ಆಕೆ ಜ್ವರ ಬಂದು ಮಲಗಿದ್ದ ವಾರ ಸಲಾವುದ್ದೀನನೆಂಬ ಹುಡುಗನನ್ನು ಕೂರಿಸಿದ್ದರಂತೆ. ಅವನು ಹರಿದದ್ದು.

“ಬಿಸಲಾಗ ಬಂದವರಿಗೆ ಮೊದಲ ಬೆಲ್ಲ-ನೀರ ಕೊಡತೇನಿ,” ಎಂದಳು. “ಬೆಲ್ಲ ತಿಂದವರ ಮುಂದ ಕೈ ಒಡ್ಡಿ ಇಪ್ಪತ್ತು ರೂಪಾಯಿ ಕೊಡ್ರಿ ಅಂತ ಹ್ಯಾಂಗ ಅನ್ನಲಿ? ನಮ್ಮವ್ವ ಕೇಳಿದ್ರ ಕಪಾಳಕ್ಕ ಹೊಡೀತಿದ್ಲು.”

ನನಗೆ ಸಿಟ್ಟು ಬಂತು, ನಗುವೂ ಬಂತು. ಆ ಬೆಲ್ಲ ಸಹ ಆಕೆಯ ಸ್ವಂತ ಖರ್ಚಿನದು.

ಸುದ್ದಿ ಒಂದೇ ದಿನಕ್ಕೆ ಮಾರುಕಟ್ಟೆಯೆಲ್ಲ ಹಬ್ಬಿತು. ಆಕೆಯ ಪಕ್ಕದಲ್ಲೇ ಇಪ್ಪತ್ತು ವರ್ಷ ತೊಟ್ಟು ಬಿಡಿಸಿದ ಗುತ್ತೆವ್ವ ಎಲ್ಲರೆದುರು ಕೇಳಿದಳು: “ಏನವಾ ಸಾಹುಕಾರ್ತಿ, ನಿನ್ನ ದೊಡ್ಡಸ್ತನಕ್ಕ ನಾವೆಲ್ಲಾ ಮತ್ತ ನೀರ ಬಿಡಬೇಕೇನು?” ಮರುದಿನದಿಂದ ಬುತ್ತಿಯ ದುಂಡು ಆ ತುದಿಗೆ ಸರಿಯಿತು. ಯಾರೂ ಜಗಳವಾಡಲಿಲ್ಲ. ಬರೀ ಎದ್ದು ಹೋಗಿ ಅಲ್ಲಿ ಕುಳಿತರು.

ನಾನು ಪ್ರಭಾಕರ ಸರ್ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮಂದಿ ಬಂದದ್ದು ಖರೇ ಇರಬಹುದವಾ. ಟಿಕೆಟ್ ಇಲ್ಲದನ, ನಿಧಿಯವರಿಗೆ ಏನಂತ ತೋರಸ್ಲಿ? ಸುಗ್ಗಿ ಮುಗಿಯೂತನಕ ನೋಡೋಣು. ಆ ಪಗಾರಕ್ಕ ಆಕೀನ್ನ ಬಿಟ್ಟು ಕುಂದ್ರವರು ಯಾರದಾರ? ಸಲಾವುದ್ದೀನನೂ ಕೋಲ್ಡ್ ಸ್ಟೋರೇಜ್ ಸೇರಿಬಿಟ್ಟ. ಆಕೀಗೆ ಕೇಳಾಕ ಕಲೀ ಅನ್ನು.”

ಸುಗ್ಗಿ ಮುಗಿಯಲು ಇನ್ನು ಎರಡು ತಿಂಗಳಿದೆ. ಕೇಳಲು ಕಲಿಯಬೇಕು, ಅಷ್ಟೇ. ಕೇಳಿದರೆ ಎಷ್ಟು ಸಣ್ಣ ಮಾತು.

ನಿನ್ನೆ ದೀಪಾಲಿಯನ್ನು ಕರೆದುಕೊಂಡು ಅಲ್ಲಿಗೆ ಹೋದಾಗ, ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ನೋಡಿ ಬಂದಿದ್ದ ಗಂಡ ಹೆಂಡತಿ ಕಾರಿನಿಂದ ಇಳಿದರು. ಉಚ್ಚಂಗೆವ್ವ ಟಿಕೆಟ್ ಪುಸ್ತಕ ಹಿಡಿದು ಎದುರು ನಿಂತಳು. ಬಾಯಿ ತೆರೆದಳು. ಆ ತುದಿಯಿಂದ ಹೆಂಗಸರು ನೋಡುತ್ತಿದ್ದರು. ಕೊನೆಗೆ ಬಂದ ಮಾತು: “ಬಿಸಲು ಭಾಳ ಐತ್ರಿ. ಬೆಲ್ಲ ತಿಂತೀರೇನ್ರಿ?”

ಅವರು ರಾಶಿ ನೋಡಿ, ಸೀನಿ, ಕೈ ಮುಗಿದು ಹೋದರು. ಗುತ್ತೆವ್ವ ಏನೋ ಅಂದಳು, ಉಳಿದವರು ನಕ್ಕರು. ಉಚ್ಚಂಗೆವ್ವ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ನಮ್ಮ ಹತ್ತಿರ ಬಂದು ಕುಳಿತಳು. ದೀಪಾಲಿ ಆಕೆಯ ತೊಡೆಯ ಮೇಲೆ ಹತ್ತಲು ಹೋದರೆ, ಕೈ ಖಾರ ಐತೆಂದು ಮೊಣಕೈಯಿಂದಲೇ ಮೆಲ್ಲಗೆ ತಡೆದಳು. ಆಮೇಲೆ ಕೇಳಿದಳು:

“ತಂಗಿ, ನನಗೊಂದ ಉಪಕಾರ ಮಾಡತಿಯೇನು?”

“ಹೇಳು ಆಯಿ.”

“ಬರೂ ಗುರುವಾರ ಕೂಸಿನ್ನ ಕರಕೊಂಡು ಬಾ. ಮನಿ ಮಗಳಂಗ ಬರಬ್ಯಾಡ. ಎಲ್ಲಿಂದಲೋ ಬಂದವರಂಗ ಬಾ. ನಾ ಬೆಲ್ಲ ಕೊಡೂದಿಲ್ಲ, ನೀ ಕೇಳಬ್ಯಾಡ. ರೊಕ್ಕ ಕೇಳತೇನಿ, ಕೊಡು. ಬಾಯಿ ರೂಢಿ ಆಗೂತನಕ ನಾಕ ದಿನ ಹಿಂಗ ಬಾ.” ನೆಲ ನೋಡುತ್ತ ಇನ್ನೂ ಸಣ್ಣ ದನಿಯಲ್ಲಿ ಅಂದಳು: “ಮತ್ತ ಅವತ್ತು ನನಗ ಆಯಿ ಅನಬ್ಯಾಡ. ಕೂಸಿಗೂ ಹೇಳಿ ಕರಕೊಂಡು ಬಾ.”