ಬುಗುರಿ ಗುರುತಿನ ಕೊನೆಯ ಕಪಾಟು

ಕೊಲ್ಲಮೊಗ್ರಿನ ಈ ಮನೆಯಲ್ಲಿ ಬೆಳಗ್ಗೆ ಆರಕ್ಕೆ ಎದ್ದಿರುವವರು ಮೂವರೇ. ಅಡುಗೆಮನೆಯಲ್ಲಿ ಮನೆಯೊಡತಿ ರಾಜೀವಿ, ಮಕ್ಕಳ ಆಟದ ಕೋಣೆಯಲ್ಲಿ ಬಡಗಿ ಮಾಯಿಲಪ್ಪ, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು ಬಾಗಿಲಿಗೊರಗಿ ಆಕಳಿಸುತ್ತಿರುವ ನಾನು. ಮಾಯಿಲಪ್ಪ ಆಳೆತ್ತರದ ಕಪಾಟಿನಿಂದ ಆಟದ ಸಾಮಾನುಗಳನ್ನು ಒಂದೊಂದಾಗಿ ಗೋಣಿಗೆ ಇಳಿಸುತ್ತಿದ್ದಾರೆ. ಡ್ರಿಲ್ ಸದ್ದಿಗೆ ಮಕ್ಕಳು ಏಳುವುದು ಖಂಡಿತ. ಅವರು ಬಂದು ಆಟಕ್ಕಿಳಿಯುವ ಮೊದಲು ಕಪಾಟು ಖಾಲಿಯಾಗದಿದ್ದರೆ ಇವತ್ತಿನ ಕೆಲಸ ಕೆಟ್ಟಂತೆಯೇ.

ಈ ಕಪಾಟನ್ನು ಆರು ವರ್ಷದ ಹಿಂದೆ ಮಾಡಿದವರು ಅವರೇ. ಈಗ ಗೋಡೆಗೆ ಬಿಗಿಯಲು ಬಂದಿದ್ದಾರೆ. ಮಜೂರಿ ತೆಗೆದುಕೊಳ್ಳುವುದಿಲ್ಲ, ಚಾ ಕೊಟ್ಟರೆ ಕುಡಿಯುತ್ತಾರೆ.

ಗುತ್ತಿಗಾರಿನ ಮಾಯಿಲಪ್ಪನವರಿಗೆ ಐವತ್ತೆಂಟು ವರ್ಷ. ಪುತ್ತೂರು, ಸುಳ್ಯ, ಕಡಬದಲ್ಲಿ ಹೊಸ ಮನೆ ಕಟ್ಟಿದವರು ಮಕ್ಕಳಿಗೆಂದು ಒಂದು ಕೋಣೆ ಬಿಡಲು ಶುರುಮಾಡಿದ ಕಾಲಕ್ಕೆ, ಅಲ್ಲಿಗೆ ಬೇಕಾದ ಕಪಾಟಿಗೆ ಇವರದ್ದೇ ಹೆಸರು. ಹೆಬ್ಬಲಸಿನ ಹಲಗೆ, ಕೆಳಗೆ ಮೂರು ಡ್ರಾವರು, ಮೇಲೆ ಗೊಂಬೆ ಜೋಡಿಸಿಡುವ ತಟ್ಟು, ಬಲಮೂಲೆಯಲ್ಲಿ ಕೆತ್ತಿದ ಒಂದು ಪುಟ್ಟ ಬುಗುರಿ. ಹನ್ನೊಂದು ವರ್ಷದಲ್ಲಿ ನಲವತ್ತೇಳು ಮಾಡಿದರು. ಆ ಬುಗುರಿಯ ಮೇಲೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಜಂಬ ಇಳಿದದ್ದು ಅಜ್ಜಾವರದಲ್ಲಿ. ನಾಲ್ಕು ವರ್ಷದ ಹಿಂದೆ ಫೌಝಿಯಾ ಎಂಬವರ ಮನೆಗೆ ಕಪಾಟು ಇಟ್ಟ ದಿನ, ಇದನ್ನು ಗೋಡೆಗೆ ಕಟ್ಟುವುದು ಬೇಡವೇ ಎಂದು ಅವರು ಕೇಳಿದ್ದರಂತೆ. ಇವರು ನಕ್ಕರು. “‘ಇಷ್ಟು ಭಾರ ಉಂಟು, ಎಲ್ಲಿಗೆ ಬೀಳುದು ಅಕ್ಕ?’ ಹಾಗೆ ಹೇಳಿದ್ದು ನಾನೇ,” ಎನ್ನುವಾಗ ಮಾಯಿಲಪ್ಪ ನನ್ನ ಮುಖ ನೋಡುವುದಿಲ್ಲ.

ಎರಡು ತಿಂಗಳಿಗೆ ಫೌಝಿಯಾರ ಮಗಳು, ನಾಲ್ಕು ವರ್ಷದ ಅಮೀರಾ, ಮೂರೂ ಡ್ರಾವರು ಎಳೆದು ಮೆಟ್ಟಿಲು ಮಾಡಿಕೊಂಡು ಮೇಲಿನ ಗೊಂಬೆ ತೆಗೆಯಲು ಹತ್ತಿದಳು. ಕಪಾಟು ಅವಳ ಮೇಲೆಯೇ ಬಿತ್ತು. ಈಗ ಅವಳು ಮೂರನೇ ಕ್ಲಾಸು. ಬಲಗಾಲು ಎಳೆದು ನಡೆಯುತ್ತಾಳೆ.

“ನೋಡ್ಲಿಕ್ಕೆ ಹೋದೆ. ಬೈದಿದ್ದರೆ ಒಳ್ಳೆದಿತ್ತು ಮಾರಾಯ್ರೆ. ಮಗುವಿನ ಅಜ್ಜಿ ನೆಬೀಸಮ್ಮ ಚಾ ಕೊಟ್ಟರು.”

ಆಮೇಲೆ ಅವರು ಹೊಸ ಕಪಾಟು ಮಾಡಿಲ್ಲ. ಹೊಟ್ಟೆಪಾಡಿಗೆ ಬಾಗಿಲು, ಅದರ ಚೌಕಟ್ಟಿನ ದಾರಂದ. ಬಿಡುವಾದ ದಿನ ಚೀಲ ಹೆಗಲಿಗೇರಿಸಿ, ಹಿಂದೆ ಮಾಡಿಕೊಟ್ಟ ಕಪಾಟುಗಳನ್ನು ಗೋಡೆಗೆ ಬಿಗಿಯಲು ಮೊದಲ ಬಸ್ಸು. ಅಜ್ಜಾವರದ ಕಪಾಟನ್ನು ನೋಡಲು ಹೋದ ದಿನವೇ ಬಿಚ್ಚಿ ತಂದಿದ್ದರು. ಅದರ ಹಲಗೆ ಸೀಳಿ ಗೂಟ ಮಾಡಿದ್ದಾರೆ. ಗೋಡೆಯ ಮೇಲಿನ ಸಾರಣೆಯನ್ನಷ್ಟೇ ನಂಬಿದರೆ ಸ್ಕ್ರೂ ಕಿತ್ತು ಬರುತ್ತದೆ. ಅದರ ಹಿಂದಿನ ಕೆಂಪು ಮುರಕಲ್ಲಿನೊಳಗೆ ನಾಲ್ಕು ಇಂಚು ಗೂಟ ಹೊಡೆದು, ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿಯಬೇಕು. ಹೊಸ ಪೈಂಟು ಹಾಳಾಗುತ್ತದೆಂದು ಗೇಟಿನಿಂದಲೇ ಕಳಿಸಿದವರಿದ್ದಾರೆ. ಅಂಥ ಒಂದು ಮನೆಗೆ, ಅವರು ಒಳಗೆ ಬಿಡುವ ತನಕ ಇವರು ಒಂಬತ್ತು ಸಲ ಹೋಗಿದ್ದಾರೆ. ನನಗಾಗಿದ್ದರೆ ಎರಡನೇ ಸಲಕ್ಕೇ ಸಿಟ್ಟು ಬರುತ್ತಿತ್ತು.

ಪಟ್ಟಿ ಬಿಗಿದಾಯಿತು. ಮಾಯಿಲಪ್ಪ ಕಪಾಟಿಗೆ ಜೋತುಬಿದ್ದು ನೋಡುತ್ತಾರೆ, ಅಲ್ಲಾಡುವುದಿಲ್ಲ. ಸದ್ದಿಗೆ ಎದ್ದು ಬಂದ ರಾಜೀವಿಯವರ ಮಗಳು ಯಶ್ಮಿತಾಳನ್ನು ಕೂರಿಸಿಕೊಂಡು, ತುಂಬ ಇಷ್ಟದ್ದು ಯಾವುದೆಂದು ಕೇಳುತ್ತಾರೆ. ಅವಳು ತೋರಿಸಿದ ಬಟ್ಟೆಯ ಆನೆ ತೀರ ಕೆಳಗಿನ ಡ್ರಾವರಿಗೆ ಹೋಗುತ್ತದೆ. “ಬೇಕಾದ್ದನ್ನು ಮೇಲಿಟ್ಟರೆ ಮಕ್ಕಳು ಮೇಲೆಯೇ ಹೋಗುದು,” ಎಂದು ರಾಜೀವಿಗೆ ಹೇಳುತ್ತಾರೆ.

ಗೋಡೆಗೆ ಬಿಗಿದವುಗಳಲ್ಲಿ ಇದು ನಲವತ್ತೈದನೆಯದು. ಅಜ್ಜಾವರದ್ದನ್ನು ಬಿಟ್ಟರೆ ಇನ್ನು ಉಳಿದಿರುವುದು ಒಂದೇ. ಕಡಬದಲ್ಲಿ ಬಾಡಿಗೆಗಿದ್ದ ಮೇಷ್ಟ್ರೊಬ್ಬರಿಗೆ ಮಾಡಿಕೊಟ್ಟದ್ದು. ಅವರು ವರ್ಗವಾಗಿ ಹೋಗುವಾಗ ಅದನ್ನು ಯಾರಿಗೋ ಕೊಟ್ಟರು, ಪಿಕಪ್ ಪುತ್ತೂರಿನ ಕಡೆ ಹೋಯಿತು ಎನ್ನುವುದಷ್ಟೇ ಗೊತ್ತು. ಎರಡು ವರ್ಷದಿಂದ ಹುಡುಕುತ್ತಿದ್ದಾರೆ.

ಅಜ್ಜಾವರಕ್ಕೆ ಫೋನ್ ಮಾಡಿ ಮಾಯಿಲಪ್ಪನವರ ಬಗ್ಗೆ ಕೇಳಿದೆ. ಫೌಝಿಯಾ ಹೇಳಿದರು: “ಪ್ರತಿ ಪೆರ್ನಾಲ್ ಹಬ್ಬಕ್ಕೆ ಗೇಟಿನವರೆಗೆ ಬರ್ತಾರೆ. ಒಳಗೆ ಬನ್ನಿ ಅಂದ್ರೆ, ಒಂದು ಬಾಕಿ ಉಂಟು, ಅದಾದ ಮೇಲೆ ಬರ್ತೇನೆ ಅಂತಾರೆ.”

ಹೊರಡುವ ಮೊದಲು ಫೋಟೋಕ್ಕೆ ನಿಲ್ಲಿ ಎಂದೆ. ಮಾಯಿಲಪ್ಪ ಪಕ್ಕಕ್ಕೆ ಸರಿದು ಕಪಾಟಿನ ಬಲಮೂಲೆಯ ಧೂಳನ್ನು ಹೆಗಲ ಬೈರಾಸಿನಿಂದ ಒರೆಸಿದರು.

“ನನ್ನ ಮುಖ ಎಂತಕ್ಕೆ? ಈ ಬುಗುರಿಯದ್ದು ಹಾಕಿ. ಯಾರ ಮನೆಯಲ್ಲಾದರೂ ಇದು ಉಂಟಾದರೆ, ನಾನು ಬರುವವರೆಗೆ ಕಪಾಟನ್ನು ನೆಲಕ್ಕೆ ಮಲಗಿಸಿ ಇಡ್ಲಿಕ್ಕೆ ಹೇಳಿ. ನಾನೇ ಬಂದು ನಿಲ್ಲಿಸ್ತೇನೆ.”